ಫ್ರಾಟರ್ನಿಟಿಯ 'ನ್ಯೂ ಮೆಂಬರ್ ಎಜುಕೇಶನ್' ನಮ್ಮಲ್ಲಿನ ರ್‍ಯಾಗಿಂಗ್ ಥರವೇನಾ?

ಮಗ ಅಮೆರಿಕದ ಕಾಲೇಜಿನಲ್ಲಿ ಫ್ರಾಟರ್ನಿಟಿ (ಗ್ರೀಕ್ ಅಕ್ಷರಗಳ ಹೆಸರಿನ ಹುಡುಗರ ಸಂಘ) ಕೊಟ್ಟ ಬಿಡ್, ಅಂದರೆ ಸೇರಲು ಆಹ್ವಾನ, ಒಪ್ಪಿಕೊಂಡಿದ್ದಾನೆ, ಇನ್ನು ಎಂಟು ವಾರ ಹೊಸಬರ ತರಬೇತಿಯಂತೆ, ಹೆದರಬೇಕಾ ಅಂತ ಕೇಳಿದ್ದೀರಿ. ಟೆಕ್ಸಸ್‌ನಲ್ಲಿ ಓದುವಾಗ ನಾನೂ ಈ ತರಬೇತಿ ಮುಗಿಸಿದವನು. ಮುಂದೆ ಹೊಸಬರಿಗೆ ಕಲಿಸುವ ಜವಾಬ್ದಾರಿಯೂ ನನಗೆ ಬಂತು.

ನಿಯಮದಂತೆ ನಡೆದರೆ ಹೆದರುವಂಥದ್ದೇನಿಲ್ಲ. ವಾರಕ್ಕೊಂದು ಸಭೆ, ಸಂಘದ ಇತಿಹಾಸ, ಗ್ರೀಕ್ ಅಕ್ಷರಮಾಲೆ, ಶುಲ್ಕದ ಲೆಕ್ಕ, ಎಲ್ಲರೂ ಕೂತು ಓದುವ ಸ್ಟಡಿ ಅವರ್ಸ್, ಒಂದಷ್ಟು ಸೇವಾಕೆಲಸ. ನಡುವೆ ಒಬ್ಬ ಹಿರಿಯನನ್ನು 'ಬಿಗ್ ಬ್ರದರ್' ಅಂತ ಜೊತೆ ಮಾಡುತ್ತಾರೆ. ಕೊನೆಗೆ ಪರೀಕ್ಷೆ, ಆಮೇಲೆ ಹೊರಗಿನವರಿಗೆ ಹೇಳದ ದೀಕ್ಷಾವಿಧಿ. ಊರು ಬಿಟ್ಟು ಹೋದ ಹುಡುಗನಿಗೆ ಇದರಿಂದ ಸಿಗುವ ಸ್ನೇಹ ಸಣ್ಣದಲ್ಲ.

ಆದರೆ ಒಂದು ಪ್ರಶ್ನೆ ಕೇಳಲೇಬೇಕು: ಉತ್ತರ ತಪ್ಪಾದರೆ ಏನು ಮಾಡುತ್ತಾರೆ? 2017ರ ಸೆಪ್ಟೆಂಬರ್‌ನಲ್ಲಿ ಲೂಯಿಸಿಯಾನ ಸ್ಟೇಟ್ ಯೂನಿವರ್ಸಿಟಿಯ ಮ್ಯಾಕ್ಸ್ ಗ್ರೂವರ್, 18 ವರ್ಷದ ಹುಡುಗ, ಜೀವ ಕಳೆದುಕೊಂಡದ್ದು ಇಂಥ ಪಾಠದಲ್ಲೇ. ಗ್ರೀಕ್ ಅಕ್ಷರ, ಸಂಘದ ಇತಿಹಾಸ ಕೇಳುವುದು, ತಪ್ಪಿದರೆ ಕಡು ಮದ್ಯ ಕುಡಿಸುವುದು. ಮರುವರ್ಷ ಅವನ ಹೆಸರಲ್ಲೇ ಆ ರಾಜ್ಯ ಕಾನೂನು ಬಿಗಿ ಮಾಡಿತು. 2021ರಲ್ಲಿ ಒಹಾಯೋದ ಬೌಲಿಂಗ್ ಗ್ರೀನ್‌ನಲ್ಲಿ ಇನ್ನೊಬ್ಬ ವಿದ್ಯಾರ್ಥಿಯ ಸಾವಿಗೆ ಕಾರಣವಾದದ್ದು ಬಿಗ್ ಬ್ರದರ್ ಕೊಟ್ಟ ಬಾಟಲಿ ಖಾಲಿ ಮಾಡುವ ರಾತ್ರಿ. ಹಾಗಾಗಿ ಬಿಗ್ ಬ್ರದರನ್ನು ಘೋಷಿಸುವ ದಿನ ಯಾವುದು, ಎಲ್ಲಿ ಸೇರುತ್ತಾರೆ ಅಂತ ಮಗನನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಇಕ್ಕಟ್ಟು ಇರುವುದು ಅವಧಿಯಲ್ಲೇ. ಹುಡುಗ ಇನ್ನೂ ಸದಸ್ಯನಲ್ಲ, ಆದರೆ ಇಷ್ಟು ವಾರ ಸವೆಸಿದ ಮೇಲೆ ಬಿಟ್ಟು ಬರಲೂ ಮನಸ್ಸಾಗುವುದಿಲ್ಲ. ಆಗ ಏನು ಹೇಳಿದರೂ ಮಾಡುತ್ತಾನೆ. ಝೀಟಾ ಬೀಟಾ ಟಾವ್ ಎಂಬ ಫ್ರಾಟರ್ನಿಟಿ 1989ರಲ್ಲೇ, ಸಿಗ್ಮಾ ಆಲ್ಫಾ ಎಪ್ಸಿಲಾನ್ 2014ರಲ್ಲಿ ಈ ಕಾಯುವ ಅವಧಿಯನ್ನೇ ತೆಗೆದುಹಾಕಿದವು. ಅದೇ ಸರಿ ಅಂತ ನನ್ನ ಅಭಿಪ್ರಾಯ; ಮೊದಲು ಸದಸ್ಯನನ್ನಾಗಿ ಮಾಡಿಕೊಂಡು, ಆಮೇಲೆ ಬೇಕಾದಷ್ಟು ಕಲಿಸಬಹುದು. ದಕ್ಷಿಣ ಏಷ್ಯಾದವರೇ ಕಟ್ಟಿಕೊಂಡ ಫ್ರಾಟರ್ನಿಟಿಗಳೂ ಇವೆ. ನಮ್ಮ ಹುಡುಗರೇ ತಾನೆ ಅಂತ ಅಲ್ಲಿ ವಿಚಾರಿಸದೆ ಬಿಡಬೇಡಿ.

ಎಂಟು ವಾರದ ವೇಳಾಪಟ್ಟಿಯನ್ನು ಬರಹದಲ್ಲಿ ಕೇಳಲು ಮಗನಿಗೆ ಹೇಳಿ. 2024ರ ಡಿಸೆಂಬರ್‌ನಲ್ಲಿ ಬಂದ ಕೇಂದ್ರ ಕಾನೂನಿನ ಪ್ರಕಾರ, ಹೇಜಿಂಗ್ (ಅಲ್ಲಿನ ರ್‍ಯಾಗಿಂಗ್) ಮಾಡಿ ತಪ್ಪಿತಸ್ಥ ಎನಿಸಿಕೊಂಡ ಸಂಘಗಳ ವಿವರವನ್ನು ಕಾಲೇಜು ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು; ಅದನ್ನು ನೀವೇ ತೆರೆದು ನೋಡಿ. ದೀಕ್ಷೆಗೆ ಮುಂಚೆ ಯಾವ ದಿನ ಬೇಕಾದರೂ ಬಿಟ್ಟು ಬರಬಹುದು, ಮನೆಯಲ್ಲಿ ಯಾರೂ ಬೈಯುವುದಿಲ್ಲ ಅಂತ ನಿಮ್ಮ ಬಾಯಿಂದಲೇ ಅವನಿಗೆ ಹೇಳಿ. ಯಾರಾದರೂ ಕುಡಿದು ಎಚ್ಚರ ತಪ್ಪಿದರೆ 'ಮಲಗಿದರೆ ಸರಿಹೋಗ್ತಾನೆ' ಅನ್ನುವವರ ಮಾತು ಕೇಳದೆ ತಕ್ಷಣ ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಬೇಕು. 21 ತುಂಬದವರು ಕುಡಿದಿದ್ದರೂ, ಹೀಗೆ ಸಹಾಯಕ್ಕೆ ಕರೆದು ಅಲ್ಲೇ ನಿಂತವರಿಗೆ ಟೆಕ್ಸಸ್ ಸೇರಿ ಹಲವು ರಾಜ್ಯಗಳ ಕಾನೂನು ರಕ್ಷಣೆ ಕೊಡುತ್ತದೆ.