ಇನ್ನೂರು ಪೇಪರ್ ಬರೆದ ಡಾಕ್ಟರ್ ಹತ್ತಿರವೇ ಹೋಗಬೇಕಾ?

ಪ್ರಶ್ನೆ: ಅಪ್ಪನಿಗೆ 64 ವರ್ಷ. ಮಲ್ಟಿಪಲ್ ಮೈಲೋಮಾ (ಮೂಳೆಮಜ್ಜೆಯಲ್ಲಿ ಶುರುವಾಗುವ ರಕ್ತದ ಕ್ಯಾನ್ಸರ್) ಅಂತ ಗೊತ್ತಾಗಿ ಒಂದು ತಿಂಗಳಾಯಿತು. ಈಗ ನೋಡುತ್ತಿರುವ ಡಾಕ್ಟರ್ ಬಗ್ಗೆ ನಮಗೇನೂ ಬೇಜಾರಿಲ್ಲ. ಆದರೆ ಭಾವ ಇನ್ನೊಬ್ಬರ ಬಯೋಡೇಟಾ ಕಳಿಸಿ, 'ರಕ್ತದ ಕಾಯಿಲೆ, ಕ್ಯಾನ್ಸರ್ ಮೇಲೆ ಇವರದ್ದು 200ಕ್ಕೂ ಜಾಸ್ತಿ ಸಂಶೋಧನಾ ಪೇಪರ್ ಬಂದಿವೆ, ಇಲ್ಲಿಗೇ ಕರೆದುಕೊಂಡು ಹೋಗಿ' ಅಂತ ಹಠ ಹಿಡಿದಿದ್ದಾರೆ. ಅಷ್ಟು ಬರೆದವರು ದೊಡ್ಡ ಡಾಕ್ಟರೇ ಅಲ್ವಾ?
– ಓದುಗರು, ರಾಜಾಜಿನಗರ

ಉತ್ತರ: ಇರಬಹುದು. ಆದರೆ 200 ಅನ್ನುವ ಸಂಖ್ಯೆಯೊಂದನ್ನೇ ನೋಡಿ ಹೇಳಲಾಗದು. ಭಾವನ ಜೊತೆ ಜಗಳ ಬೇಡ, ಮೊಬೈಲ್ ತೆಗೆಯಿರಿ. ಪಬ್‌ಮೆಡ್ ಅಂತ ವೈದ್ಯಕೀಯ ಪೇಪರ್ ಹುಡುಕುವ ವೆಬ್‌ಸೈಟ್ ಇದೆ, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ ನಡೆಸುವುದು, ಹುಡುಕಲು ಕಾಸು ಕೊಡಬೇಕಿಲ್ಲ. ಅಲ್ಲಿ ಡಾಕ್ಟರ ಹೆಸರಿನ ಪಕ್ಕ ಇಂಗ್ಲಿಷಿನಲ್ಲಿ ಮೈಲೋಮಾ ಅಂತ ಹಾಕಿ. ಇನ್ನೂರು ಇದ್ದದ್ದು ಆರಕ್ಕೆ ಇಳಿದರೂ ಇಳಿಯಬಹುದು. ರಕ್ತದ ಕಾಯಿಲೆ ಅಂದರೆ ದೊಡ್ಡ ಸಂತೆ. ಹಿಮೋಫೀಲಿಯಾ, ತಲಸ್ಸೀಮಿಯಾ, ಲ್ಯುಕೇಮಿಯಾ ಎಲ್ಲ ಅದರಲ್ಲೇ ಬರುತ್ತವೆ, ನಿಮ್ಮಪ್ಪನಿಗೆ ಬೇಕಾದ ಅಂಗಡಿ ಒಂದೇ.

ಹೆಸರಿನ ವಿಷಯದಲ್ಲಿ ಹುಷಾರು. ನಮ್ಮಲ್ಲಿ ಇನಿಷಿಯಲ್ಲು, ಕುಮಾರ್, ರಾವ್ ಜಾಸ್ತಿ. ಒಮ್ಮೆ ನಾನೇ ಹೀಗೆ 90 ಪೇಪರ್ ಎಣಿಸಿ, ಚಿಕ್ಕಮ್ಮನನ್ನು ಒಬ್ಬರ ಹತ್ತಿರ ಕರೆದುಕೊಂಡು ಹೋಗಿ, ಎರಡು ಗಂಟೆ ಕಾದು ಒಳಗೆ ಹೋದ ಮೇಲೆ ತಿಳಿಯಿತು, ಅದರಲ್ಲಿ ಅರ್ಧಕ್ಕರ್ಧ ಅದೇ ಹೆಸರಿನ ಕಣ್ಣಿನ ಡಾಕ್ಟರದ್ದು! ಹೆಸರಿನ ಕೆಳಗೆ ಯಾವ ಆಸ್ಪತ್ರೆ, ಯಾವ ಊರು ಅಂತ ಇರುತ್ತದೆ, ಅದನ್ನು ಒತ್ತಿ ನೋಡಿ.

ಆಮೇಲೆ ಪೇಪರ್ ಬರೆದವರ ಸಾಲಿನಲ್ಲಿ ಡಾಕ್ಟರ ಹೆಸರು ಎಲ್ಲಿದೆ ನೋಡಿ. ಸಾಮಾನ್ಯವಾಗಿ ಮೊದಲ ಹೆಸರಿನವರು ಹೆಚ್ಚಿನ ಕೆಲಸ ಮಾಡಿದವರು, ಕೊನೆಯವರು ತಂಡದ ಹಿರಿಯರು. ಮಧ್ಯದ ಹನ್ನೆರಡು ಜನರಲ್ಲಿ ಒಬ್ಬರಾದರೆ, ರೋಗಿಗಳನ್ನು ಕೊಟ್ಟಿರಬಹುದು, ಸ್ಲೈಡ್ ನೋಡಿರಬಹುದು. ತಪ್ಪೇನಲ್ಲ, ಆದರೆ ತೂಕ ಬೇರೆ.

ಮೈಲೋಮಾದಲ್ಲೇ ಒಂದು ಉದಾಹರಣೆ ಇದೆ. ಥಾಲಿಡೊಮೈಡ್ ಗೊತ್ತಲ್ಲ, ಬಸುರಿಯರು ತಿಂದು ಮಕ್ಕಳು ಕೈಕಾಲು ಊನವಾಗಿ ಹುಟ್ಟಿ, 1960ರ ದಶಕದ ಶುರುವಿನಲ್ಲಿ ಅಂಗಡಿಗಳಿಂದ ವಾಪಸ್ ತೆಗೆಸಿದ ಮಾತ್ರೆ. ಅದನ್ನೇ ಅಮೆರಿಕದ ಅರ್ಕಾನ್ಸಾದಲ್ಲಿ, ಬೇರೆ ಯಾವ ಔಷಧಿಗೂ ಜಗ್ಗದ ಮೈಲೋಮಾ ಇದ್ದವರಿಗೆ ಕೊಟ್ಟು ನೋಡಿದರು. ಪೇಪರ್ 1999ರಲ್ಲಿ ಬಂತು. ಮೊದಲ ಹೆಸರು ಸೀಮಾ ಸಿಂಘಾಲ್, ಕೊನೆಯದು ಬಾರ್ಟ್ ಬಾರ್ಲೋಗಿ. ರೋಗಿಗಳು ಬರೀ 84. ಮೂರರಲ್ಲಿ ಸುಮಾರು ಒಂದು ಪಾಲು ಜನರಲ್ಲಿ ಕಾಯಿಲೆ ತಗ್ಗಿತು. ಇವತ್ತು ನಿಮ್ಮಪ್ಪನ ಚೀಟಿಯಲ್ಲಿ ಲೆನಾಲಿಡೊಮೈಡ್ ಅಂತ ಇದ್ದರೆ ಅದು ಆ ಮಾತ್ರೆಯ ತಮ್ಮನೇ. ಇಂಥ ಒಂದು ಪೇಪರ್ ಎಷ್ಟು ಪೇಪರಿಗೆ ಸಮ, ನೀವೇ ಹೇಳಿ. ಒಬ್ಬನೇ ರೋಗಿಯ ಕಥೆ ಬರೆದ ಕೇಸ್ ರಿಪೋರ್ಟು, ಸಂಪಾದಕರಿಗೆ ಬರೆದ ಅರ್ಧ ಪುಟದ ಪತ್ರ, ಇವೂ ಪಟ್ಟಿಯಲ್ಲಿ ಒಂದೊಂದು ಅಂತಲೇ ಲೆಕ್ಕ.

ಇನ್ನೊಂದು ಮಾತು. ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಬೆಳಿಗ್ಗೆ ಹೊರರೋಗಿಗಳ ಸಾಲು ಒಮ್ಮೆ ನೋಡಿ ಬನ್ನಿ. ದಿನವಿಡೀ ಅಂಥ ಸಾಲು ನೋಡುವವರಿಗೆ ಕೂತು ಬರೆಯಲು ಪುರುಸೊತ್ತು ಎಲ್ಲಿ? ಪೇಪರ್ ಇಲ್ಲ ಅಂದ ಮಾತ್ರಕ್ಕೆ ಕೈಗುಣ ಇಲ್ಲ ಅಂತಲ್ಲ. ಈಗಿನ ಡಾಕ್ಟರನ್ನೇ ನೇರವಾಗಿ ಕೇಳಿ: ತಿಂಗಳಿಗೆ ಎಷ್ಟು ಮೈಲೋಮಾ ರೋಗಿಗಳನ್ನು ನೋಡುತ್ತೀರಿ, ಮಜ್ಜೆ ಕಸಿ ಬೇಕಾದರೆ ಎಲ್ಲಿ ಮಾಡಿಸುತ್ತೀರಿ? ಉತ್ತರ ಸರಿ ಅನ್ನಿಸಿದರೆ ಅಲ್ಲೇ ಇರಿ ಅಂತೀನಿ ನಾನು. ಭಾವ ಹೇಳಿದವರ ಹತ್ತಿರ ಫೈಲ್ ತೋರಿಸಿ ಎರಡನೇ ಅಭಿಪ್ರಾಯ ಕೇಳಿ, ಬೇಡ ಅನ್ನಲ್ಲ. ಅಷ್ಟರಲ್ಲಿ ಮಾತ್ರೆ, ಇಂಜೆಕ್ಷನ್ ಮಾತ್ರ ನಿಲ್ಲಿಸಬೇಡಿ.

ಪ್ರಶ್ನೆ: ನನ್ನ ರಕ್ತದ ಕಾಯಿಲೆ ಅಪರೂಪದ್ದಂತೆ. 'ನಿಮ್ಮ ಕೇಸ್ ಜರ್ನಲ್‌ನಲ್ಲಿ ಬರೆಯುತ್ತೇವೆ, ಸಹಿ ಹಾಕಿ' ಅಂತ ಕೇಳಿದ್ದಾರೆ. ಹೆಸರು ಬರುತ್ತದೆಯೇ?
– ಓದುಗರು, ಮಲ್ಲೇಶ್ವರ

ಉತ್ತರ: ಬರಬಾರದು. ವಯಸ್ಸು, ಗಂಡೋ ಹೆಣ್ಣೋ, ಪರೀಕ್ಷೆಯ ಫಲಿತಾಂಶ ಇಷ್ಟು ಸಾಮಾನ್ಯವಾಗಿ ಬರುತ್ತದೆ. ಫೋಟೋ ಹಾಕುತ್ತಾರಾ ಕೇಳಿ, ಬರೆದದ್ದನ್ನು ತೋರಿಸಿ ಅನ್ನಿ. ಇಷ್ಟ ಇಲ್ಲದಿದ್ದರೆ ಸಹಿ ಹಾಕಬೇಡಿ, ಅದಕ್ಕೆ ನಿಮ್ಮ ಚಿಕಿತ್ಸೆ ನಿಲ್ಲಿಸುವಂತಿಲ್ಲ.