ಫೋನಿನಲ್ಲಿ ಮನಸ್ಸಿಟ್ಟು ಹಾಡು ಕೇಳಲಾಗುತ್ತಿಲ್ಲ. ಇಂಟರ್ನೆಟ್ ಇಲ್ಲದ ಮ್ಯೂಸಿಕ್ ಪ್ಲೇಯರ್ ಯಾವುದು ಕೊಳ್ಳಲಿ?

ನೀವು ಗಂಗಾವತಿಯಿಂದ ಕೇಳಿರುವುದು ಇಷ್ಟು: ರಾತ್ರಿ ಊಟವಾದ ಮೇಲೆ ಒಂದು ಗಂಟೆ ಹಿಂದೂಸ್ತಾನಿ ಗಾಯನ, ವಚನ, ದಾಸರ ಪದ ಕೇಳಬೇಕು. ಫೋನಿನಲ್ಲಿ ಹಚ್ಚಿದರೆ ಕೈ ತಾನಾಗಿ ವಾಟ್ಸ್ಆ್ಯಪ್‌ಗೆ ಹೋಗುತ್ತದೆ. ಐದು ಸಾವಿರ ರೂಪಾಯಿ ಒಳಗೆ ಏನಾದರೂ ದಾರಿ ಇದೆಯೇ? ಇದೆ. ನನ್ನದು ರಾಯಚೂರಿನಲ್ಲಿ ತೀನ್ ಕಂದೀಲ್ ಕಡೆ ಮೊಬೈಲ್ ರಿಪೇರಿ ಅಂಗಡಿ. ಮೆಮೊರಿ ಕಾರ್ಡು, ಪ್ಲೇಯರು, ಇಯರ್‌ಫೋನು ದಿನಾ ನನ್ನ ಕೈ ಮೇಲೆ ಹಾದುಹೋಗುವ ಸಾಮಾನು. ಸಂಗೀತ ಕೇಳುವುದಂತೂ ನನಗೆ ಊಟದಷ್ಟೇ ಬೇಕು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. "ಬೇಡ ಅಂದ್ರೆ ವೈ-ಫೈ ಆಫ್ ಮಾಡ್ಕೊಳ್ರಿ ಸರ್" ಎಂದು ಅಂಗಡಿಯವರು ತೋರಿಸುವ ಪ್ಲೇಯರ್ ನಿಮಗೆ ಬೇಡ. ವೈ-ಫೈಯೇ ಇಲ್ಲದ್ದು ಬೇಕು. ಆಫ್ ಮಾಡಿದ್ದನ್ನು ಆನ್ ಮಾಡಲು ಒಂದು ಬೆರಳು ಸಾಕು, ಬೇಸರವಾದ ರಾತ್ರಿ ಆ ಬೆರಳು ತಡೆಯುವುದಿಲ್ಲ. ಸೋನಿಯವರ ಈಚಿನ ವಾಕ್‌ಮನ್ ಎನ್‌ಡಬ್ಲ್ಯು-ಎ306 ಬಹಳ ಒಳ್ಳೆಯ ಧ್ವನಿ ಕೊಡುತ್ತದೆ, ಆದರೆ ಅದು ಆ್ಯಂಡ್ರಾಯ್ಡ್ ಮೇಲೆ ನಡೆಯುವ ಯಂತ್ರ. ವೈ-ಫೈ ಇದೆ, ಆ್ಯಪ್ ಹಾಕಿಕೊಳ್ಳಬಹುದು. ನಿಮ್ಮ ತೊಂದರೆ ಅಲ್ಲಿಗೂ ಬೆನ್ನು ಹತ್ತಿ ಬರುತ್ತದೆ. ಹೆಸರಿನಲ್ಲಿ ವಾಕ್‌ಮನ್ ಇದ್ದ ಮಾತ್ರಕ್ಕೆ 1979ರ ಆ ಕ್ಯಾಸೆಟ್ ಡಬ್ಬಿಯ ಗುಣ ಬರುವುದಿಲ್ಲ.

ನಾನು ಇಷ್ಟು ಕಟ್ಟುನಿಟ್ಟಾಗಿ ಹೇಳುವುದಕ್ಕೆ ಕಾರಣ ನೀವು ಕೇಳುವ ಸಂಗೀತವೇ. ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯ ವಿಲಂಬಿತ (ನಿಧಾನಗತಿಯ) ಏಕತಾಳದಲ್ಲಿ ಒಂದು ಆವರ್ತನ, ಅಂದರೆ ತಾಳದ ಒಂದು ಸುತ್ತು, ಮುಗಿಯಲು ಮುಕ್ಕಾಲು ನಿಮಿಷ, ಕೆಲವೊಮ್ಮೆ ಇಡೀ ಒಂದು ನಿಮಿಷ ಹಿಡಿಯುತ್ತದೆ. ಭೀಮಸೇನ ಜೋಶಿಯವರು ತಾಳದ ಮೊದಲ ಮಾತ್ರೆಯಾದ ಸಮ್‌ನಿಂದ ಹೊರಟು, ಒಂದೊಂದೇ ಸ್ವರ ಸೇರಿಸುತ್ತಾ ಹೋಗಿ, ಕೊನೆಯ ಮಾತ್ರೆಗಳಲ್ಲಿ ಹಾಡಿನ ಮೊದಲ ತುಂಡಾದ ಮುಖಡಾ ಹಿಡಿದು ಮತ್ತೆ ಸಮ್‌ಗೆ ಬಂದು ಇಳಿಯುತ್ತಾರಲ್ಲ, ಕೇಳುವವನ ಉಸಿರೂ ಅಲ್ಲೇ ಇಳಿಯಬೇಕು. ನಡುವೆ ಫೋನ್ "ಟಿಣ್" ಎಂದರೆ ಹೋಯಿತು. ಮೆಸೇಜ್ ತೆರೆಯದೇ ಇದ್ದರೂ ಯಾರದಿರಬಹುದು ಎಂದು ಯೋಚಿಸುವಷ್ಟರಲ್ಲಿ ಆ ಆವರ್ತನ ಕೈ ತಪ್ಪಿರುತ್ತದೆ. ಮೂರು ನಿಮಿಷದ ಸಿನಿಮಾ ಹಾಡಿಗೆ ಈ ನಷ್ಟ ಅಷ್ಟು ಗೊತ್ತಾಗುವುದಿಲ್ಲ. ಹೀಗೆ ನಿಧಾನವಾಗಿ ಬೆಳೆಯುವ ಖಯಾಲ್ ಗಾಯನಕ್ಕೆ ಗೊತ್ತಾಗುತ್ತದೆ.

ಇನ್ನು ಯಂತ್ರದ ವಿಚಾರ. ಎಲ್ಲಕ್ಕಿಂತ ಅಗ್ಗದ ದಾರಿ ಕೀಪ್ಯಾಡ್ ಫೋನ್. ಮೆಮೊರಿ ಕಾರ್ಡ್ ಹಾಕುವ ಜಾಗ ಮತ್ತು 3.5 ಎಂಎಂ ಇಯರ್‌ಫೋನ್ ರಂಧ್ರ ಇರುವ 2ಜಿ ಫೋನ್ ತೆಗೆದುಕೊಂಡು, ಸಿಮ್ಮೇ ಹಾಕದೆ ಬಿಟ್ಟರೆ ಅದು ಬರೀ ಪ್ಲೇಯರ್. 4ಜಿ ಕೀಪ್ಯಾಡ್ ಬೇಡ, ಅದರಲ್ಲಿ ಮತ್ತೆ ಇಂಟರ್ನೆಟ್ ಬಂತು. ಒಂದೇ ಕಂಪನಿಯ ಸಿಮ್‌ಗೆ ಲಾಕ್ ಆದ ಫೋನೂ ಬೇಡ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಸಿಮ್ ಇಲ್ಲದೆ ಆನ್ ಮಾಡಿಸಿ, ಹಾಡು ಹಚ್ಚಿಸಿ ನೋಡಿ. ಇಂಥ ಹಲವು ಫೋನುಗಳಲ್ಲಿ ಬಿಎಲ್-5ಸಿ ಬ್ಯಾಟರಿ ಇರುತ್ತದೆ. ಅದು ಹೋದರೆ ಗಂಗಾವತಿಯಲ್ಲಷ್ಟೇ ಅಲ್ಲ, ಕಾರಟಗಿಯಲ್ಲೂ ಸಿಗುತ್ತದೆ, ಉಗುರಿನಲ್ಲಿ ಮುಚ್ಚಳ ತೆಗೆದು ನೀವೇ ಬದಲಿಸಬಹುದು. ವಚನ, ಭಜನೆ, ದಾಸರ ಪದ ಕೇಳುವವರಿಗೆ ನಾನು ಇದನ್ನೇ ಕೊಡುತ್ತೇನೆ. ಕೊರತೆ ಒಂದಿದೆ: ಹಾಡು ಮೆಲ್ಲಗಾದಾಗ ಕಿವಿಯಲ್ಲಿ "ಸ್ಸ್" ಎನ್ನುವ ಶಬ್ದ. ಬರೀ ತಂಬೂರಿ ನುಡಿಯುತ್ತಿರುವ ಆಲಾಪದಲ್ಲಿ ಅದು ಎದ್ದು ಕೇಳಿಸುತ್ತದೆ.

ನೀವು ಹಿಂದೂಸ್ತಾನಿ ಎಂದು ಬರೆದಿರುವುದರಿಂದ ಗುಂಡಿಗಳಿರುವ ಪ್ಲೇಯರ್ ಕಡೆ ನೋಡಿ ಎನ್ನುತ್ತೇನೆ. ಸ್ಯಾನ್‌ಡಿಸ್ಕ್‌ನ ಕ್ಲಿಪ್ ಜಾತಿಯವು ಬೆಂಕಿಪೊಟ್ಟಣದಷ್ಟು ಚಿಕ್ಕವು, ವೈ-ಫೈ ಇಲ್ಲ, ಹೆಚ್ಚಿನವುಗಳಲ್ಲಿ ಕಾರ್ಡ್ ಹಾಕಬಹುದು, ಎಫ್‌ಎಂ ಇದೆ. ಸಿಕ್ಕರೆ ಬಿಡಬೇಡಿ. ಫಿಯೋ ಕಂಪನಿಯವರು 2025ರಲ್ಲಿ ಸ್ನೋಸ್ಕೈ ಹೆಸರಿನಲ್ಲಿ ಎಕೋ ಮಿನಿ ಎಂಬುದನ್ನು ತಂದಿದ್ದಾರೆ. ನೋಡಲು ಹಳೆಯ ಕ್ಯಾಸೆಟ್ ಪ್ಲೇಯರ್‌ನಂತೆ, ಟಚ್ ಸ್ಕ್ರೀನ್ ಇಲ್ಲ, ವೈ-ಫೈ ಇಲ್ಲ, ಫ್ಲ್ಯಾಕ್ ಫೈಲ್ (ಧ್ವನಿಯಲ್ಲಿ ಏನೂ ಕಳೆಯದೆ ಚಿಕ್ಕದು ಮಾಡಿದ ಬಗೆ) ಚೆನ್ನಾಗಿ ನುಡಿಸುತ್ತದೆ. ಅದರ ಇವತ್ತಿನ ಬೆಲೆ ನಿಮ್ಮ ಲೆಕ್ಕಕ್ಕೆ ಹೊಂದಿದರೆ ನನ್ನ ಮೊದಲ ಆಯ್ಕೆ ಅದೇ. ಸೆಕೆಂಡ್ ಹ್ಯಾಂಡ್ ಐಪಾಡ್ ಬಗ್ಗೆಯೂ ಕೇಳಿದ್ದೀರಿ. ಆ್ಯಪಲ್ ಕಂಪನಿ ಐಪಾಡ್ ಕ್ಲಾಸಿಕ್ ಅನ್ನು 2014ರಲ್ಲೇ ನಿಲ್ಲಿಸಿತು, 2022ರಲ್ಲಿ ಐಪಾಡ್ ಸಂತತಿಯೇ ಮುಗಿಯಿತು. ಆ ಚಕ್ರದ ಮೇಲೆ ಬೆರಳಾಡಿಸುವ ಸುಖ ಬೇರೆ ಯಾವುದರಲ್ಲೂ ಇಲ್ಲ, ನಿಜ. ಆದರೆ ಕ್ಲಾಸಿಕ್ ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇರುತ್ತದೆ, ಬ್ಯಾಟರಿ ಹತ್ತು ವರ್ಷದ ಮೇಲಿನದು, ಹಾಡು ತುಂಬಲು ಕಂಪ್ಯೂಟರಿನಲ್ಲಿ ಐಟ್ಯೂನ್ಸ್ ಬೇಕು. ರಿಪೇರಿ ಕೈಗೆ ಹತ್ತುವವರಿಗೆ ಸರಿ, ನಿಮಗೆ ಬೇಡ.

ಕಾರವಾನ್ ತಗೊಳ್ಳಲೇ ಎಂದೂ ಬಹಳ ಜನ ಕೇಳುತ್ತಾರೆ. ಸರೆಗಮದವರು 2017ರಲ್ಲಿ 5000 ಹಾಡು ತುಂಬಿ ತಂದ ಪೆಟ್ಟಿಗೆ ಅದು. ಮನೆಯ ಹಿರಿಯರಿಗೆ ಒಳ್ಳೆಯದು, ಗುಂಡಿ ತಿರುಗಿಸಿದರೆ ಹಾಡು. ಆದರೆ ಅಲ್ಲಿ ಆರಿಸಿದ್ದು ಕಂಪನಿ, ನೀವಲ್ಲ. ಅದರಲ್ಲೂ ವೈ-ಫೈ ಇರುವ ಮಾದರಿ ಇದೆ, ಡಬ್ಬಿಯ ಮೇಲೆ ಓದಿ ತಗೊಳ್ಳಿ.

ಯಾವುದೇ ಕೊಳ್ಳಿ, ಅಂಗಡಿಗೆ ಹೋಗುವಾಗ ನಿಮ್ಮದೇ ಒಂದು ಕಾರ್ಡ್ ಒಯ್ಯಿರಿ. ಅದರಲ್ಲಿ ಒಂದು ಉದ್ದನೆಯ ಫೈಲ್, ಎರಡು ತುಂಡಾದ ಒಂದು ರಾಗ, ಕನ್ನಡದಲ್ಲಿ ಹೆಸರು ಬರೆದ ಒಂದು ಹಾಡು ಇರಲಿ. ಉದ್ದನೆಯ ಫೈಲನ್ನು ನಡುವೆ ನಿಲ್ಲಿಸಿ, ಪ್ಲೇಯರ್ ಪೂರ್ತಿ ಆಫ್ ಮಾಡಿ, ಮತ್ತೆ ಆನ್ ಮಾಡಿ. ಬಿಟ್ಟ ಜಾಗದಿಂದಲೇ ಶುರುವಾಗಬೇಕು. ದರೋಜಿ ಈರಮ್ಮನವರ ಬುರ್ರಕಥೆಯಂಥದ್ದು ಗಂಟೆಗಟ್ಟಲೆ ಸಾಗುವಂಥದ್ದು. ಪ್ರತಿ ರಾತ್ರಿ ಮೊದಲಿನಿಂದ ಓಡಿಸಿಕೊಂಡು ಬರುವುದಾದರೆ ವಾರದಲ್ಲಿ ಆ ಪ್ಲೇಯರ್ ಕಪಾಟು ಸೇರುತ್ತದೆ. ತುಂಡಾದ ರಾಗ ಹಚ್ಚಿದಾಗ ಒಂದು ತುಂಡಿನಿಂದ ಇನ್ನೊಂದಕ್ಕೆ ಹೋಗುವಲ್ಲಿ ತಂಬೂರಿ ಕಡಿಯಬಾರದು. ಅಗ್ಗದವುಗಳಲ್ಲಿ ಒಂದು ಕ್ಷಣ ಕಡಿಯುತ್ತದೆ. ಕನ್ನಡದ ಹೆಸರು ಪರದೆಯ ಮೇಲೆ ಹೇಗೆ ಕಾಣುತ್ತದೆ ನೋಡಿ. ಹೆಚ್ಚಿನವುಗಳಲ್ಲಿ ಕನ್ನಡದ ಫಾಂಟ್ ಇರುವುದಿಲ್ಲ, ಸಾಲಾಗಿ ಚೌಕ ಚೌಕ ಬರುತ್ತದೆ, ಕೆಲವಲ್ಲಿ ಅಕ್ಷರ ಬಂದರೂ ಒತ್ತು ಕಿತ್ತು ಪಕ್ಕಕ್ಕೆ ಬಿದ್ದಿರುತ್ತದೆ. ನಮ್ಮ ಭಾಷೆಗೆ ಇಷ್ಟಾದರೂ ಜಾಗ ಕೊಡಬೇಕಿತ್ತು ಎಂದು ನನಗೆ ಪ್ರತಿ ಸಲ ಬೇಸರವಾಗುತ್ತದೆ. ಸದ್ಯಕ್ಕೆ ಫೈಲ್ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಮುಂದೆ 01, 02 ಎಂದು ಸಂಖ್ಯೆ ಹಾಕಿ ಬರೆಯುವುದೇ ದಾರಿ. ಸಂಖ್ಯೆಯ ಕ್ರಮದಲ್ಲೇ ಒಂದೊಂದಾಗಿ ಕಾಪಿ ಮಾಡಿ. ಎಷ್ಟೋ ಪ್ಲೇಯರ್‌ಗಳು ಹೆಸರು ನೋಡುವುದೇ ಇಲ್ಲ, ಯಾವುದು ಮೊದಲು ಕಾರ್ಡಿಗೆ ಬಿತ್ತೋ ಅದನ್ನೇ ಮೊದಲು ನುಡಿಸುತ್ತವೆ.

ಈಗ ನಿಜವಾದ ಕೆಲಸಕ್ಕೆ ಬರೋಣ: ಹಾಡು ಎಲ್ಲಿಂದ ತರುವುದು? ಇದನ್ನು ಯೋಚಿಸದೆ ಪ್ಲೇಯರ್ ಕೊಂಡವರು ನನ್ನ ಅಂಗಡಿಗೆ ಬಂದು "ಅಣ್ಣಾ, ಆ್ಯಪ್‌ನ್ಯಾಗ ಡೌನ್‌ಲೋಡ್ ಮಾಡೀನಿ, ಇದಕ್ಕ ಹಾಕಿ ಕೊಡ್ರಿ" ಎನ್ನುತ್ತಾರೆ. ಆಗುವುದಿಲ್ಲ. ತಿಂಗಳ ಚಂದಾ ಕಟ್ಟುವ ಆ್ಯಪ್‌ಗಳಲ್ಲಿ ಡೌನ್‌ಲೋಡ್ ಮಾಡಿದ ಹಾಡು ಆ ಆ್ಯಪ್ ಒಳಗೇ ಬೀಗ ಹಾಕಿಕೊಂಡಿರುತ್ತದೆ, ಹೊರಗೆ ತಂದು ನುಡಿಸಲು ಬರುವುದಿಲ್ಲ. ಚಂದಾ ನಿಂತರೆ ಅದೂ ಇಲ್ಲ. ನಿಮ್ಮದೇ ಆಗುವ ಫೈಲ್ ಬೇಕೆಂದರೆ ಐಟ್ಯೂನ್ಸ್ ಸ್ಟೋರ್‌ನಲ್ಲಿ ದುಡ್ಡು ಕೊಟ್ಟು ಕೊಳ್ಳಬಹುದು. ಅಲ್ಲಿನ ಹಾಡುಗಳಿಗೆ 2009ರಿಂದ ಬೀಗ ಇಲ್ಲ. ಎಂ4ಎ ಎಂಬ ಬಗೆಯಲ್ಲಿ ಬರುತ್ತವೆ, ಹಾಗಾಗಿ ಪ್ಲೇಯರ್ ಅದನ್ನು ಓದುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮನೆಯಲ್ಲಿ ಸಿಡಿ ಇದ್ದರೆ ಇನ್ನೂ ಒಳ್ಳೆಯದು. ಯುಎಸ್‌ಬಿ ಸಿಡಿ ಡ್ರೈವ್ ಹಚ್ಚಿ ಫ್ಲ್ಯಾಕ್ ಆಗಿ ಇಳಿಸಿಕೊಂಡರೆ ಸಿಡಿಯಲ್ಲಿದ್ದದ್ದು ಒಂದು ಚೂರೂ ಕಳೆಯುವುದಿಲ್ಲ, ಜಾಗ ಮಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ ಇರುವುದು ಕ್ಯಾಸೆಟ್‌ಗಳ ಮೇಲೆ. ನಮ್ಮ ಭಾಗದ ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ ಇನ್ನೂ ಎಷ್ಟೊಂದು ಬಿದ್ದಿವೆ: ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ವಚನಗಳು, ಮಾನ್ವಿಯ ಜಗನ್ನಾಥದಾಸರ ಕೀರ್ತನೆಗಳು, ಊರ ಭಜನಾ ಮಂಡಳಿಯವರದು, ಮೊಹರಂ ಪದಗಳು. ಜಂಬಲದಿನ್ನಿಯವರ ಹೆಸರಿನ ರಂಗಮಂದಿರ ನಮ್ಮೂರಲ್ಲಿದೆ, ಅದರ ಮುಂದೆ ದಿನಾ ಓಡಾಡುವ ಹುಡುಗರಿಗೆ ಅವರ ದನಿ ಗೊತ್ತಿಲ್ಲ. ದೇವದುರ್ಗದ ಕಡೆಯ ಹಿರಿಯರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಕ್ಯಾಸೆಟ್ ತಂದು ನನ್ನ ಮೇಜಿನ ಮೇಲೆ ಸುರುವಿದರು. ಒಂದರ ಒಳಗೆ ಸುರುಳಿಗೆ ಒತ್ತು ಕೊಡುವ ಆ ಚಿಕ್ಕ ಸ್ಪಂಜಿನ ತುಂಡು ಅಂಟು ಬಿಟ್ಟು ಬಿದ್ದಿತ್ತು. ತಾಮ್ರದ ಪಟ್ಟಿಯ ಮೇಲೆ ಅದನ್ನು ಮತ್ತೆ ಕೂಡಿಸಿ, ಟೇಪ್ ಒಂದು ಸಲ ಪೂರ್ತಿ ಮುಂದೆ, ಒಂದು ಸಲ ಪೂರ್ತಿ ಹಿಂದೆ ಓಡಿಸಿ ಸಡಿಲ ಮಾಡಿ ಹಚ್ಚಿದೆವು. ಅದು ಅವರ ತಾಯಿ ಬೀಸುವ ಪದ ಹಾಡಿದ್ದು. ಅಂಥದ್ದು ಯಾವ ಆ್ಯಪ್‌ನಲ್ಲಿ ಸಿಗುತ್ತದೆ ಹೇಳಿ?

ಕ್ಯಾಸೆಟ್ ಇಳಿಸುವುದು ಕಷ್ಟದ ವಿದ್ಯೆಯಲ್ಲ. ಟೇಪ್ ರೆಕಾರ್ಡರ್‌ನ ಹೆಡ್ ಅನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಇಯರ್‌ಫೋನ್ ರಂಧ್ರದಿಂದ ಕಂಪ್ಯೂಟರಿನ ಲೈನ್-ಇನ್‌ಗೆ (ಹೊರಗಿನ ಧ್ವನಿ ಒಳಗೆ ತೆಗೆದುಕೊಳ್ಳುವ ರಂಧ್ರ) ವೈರ್ ಎಳೆಯಿರಿ. ಲ್ಯಾಪ್‌ಟಾಪ್‌ನಲ್ಲಿ ಲೈನ್-ಇನ್ ಇಲ್ಲದಿದ್ದರೆ, ಲೈನ್-ಇನ್ ಇರುವ ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡ್ ಸಿಗುತ್ತದೆ. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಂಡು, ಜೋರಾದ ಜಾಗದಲ್ಲೂ ಮೀಟರ್ ಮೈನಸ್ 6 ಡೆಸಿಬಲ್ ದಾಟದಂತೆ ವಾಲ್ಯೂಮ್ ಇಡಿ. ಸಿ-60 ಕ್ಯಾಸೆಟ್ ಆದರೆ ಒಂದು ಮಗ್ಗುಲು ಅರ್ಧ ಗಂಟೆ, ಸಿ-90 ಆದರೆ ಮುಕ್ಕಾಲು ಗಂಟೆ. ಅಷ್ಟು ಹೊತ್ತು ಓಡಲೇಬೇಕು, ಅವಸರ ನಡೆಯುವುದಿಲ್ಲ. ಮೂಲ ಪ್ರತಿ ಫ್ಲ್ಯಾಕ್‌ನಲ್ಲಿ ಕಂಪ್ಯೂಟರಿನಲ್ಲಿರಲಿ, ಪ್ಲೇಯರ್‌ಗೆ ಎಂಪಿ3 ಮಾಡಿ ಹಾಕಿ.

ಕಾರ್ಡ್ 32 ಜಿಬಿ ಸಾಕು. 320 ಕೆಬಿಪಿಎಸ್ ಎಂಪಿ3 ಗಂಟೆಗೆ ಸುಮಾರು 144 ಎಂಬಿ ತಿನ್ನುತ್ತದೆ, ಅಂದರೆ 200 ಗಂಟೆಗೂ ಹೆಚ್ಚು ಸಂಗೀತ. ಇನ್ನೊಂದು ಅನುಕೂಲ: ಅಗ್ಗದ ಪ್ಲೇಯರ್‌ಗಳು ಫ್ಯಾಟ್32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿದ ಕಾರ್ಡ್ ಮಾತ್ರ ಓದುತ್ತವೆ. 32 ಜಿಬಿವರೆಗಿನವು ಹಾಗೆಯೇ ಬರುತ್ತವೆ, 64 ಮತ್ತು ಅದರ ಮೇಲಿನವು ಎಕ್ಸ್‌ಫ್ಯಾಟ್ ಎಂಬ ಬೇರೆ ಬಗೆಯಲ್ಲಿರುತ್ತವೆ. ಸಂತೆಯಲ್ಲಿ ನೂರಿನ್ನೂರಕ್ಕೆ 128 ಜಿಬಿ ಎಂದು ಕೊಡುವ ಕಾರ್ಡ್ ಮುಟ್ಟಬೇಡಿ. ಒಳಗೆ ನಿಜವಾಗಿ ಇರುವುದು 8 ಜಿಬಿಯೋ ಏನೋ. ಕಾಪಿ ಆಯಿತು ಎಂದೇ ತೋರಿಸುತ್ತದೆ, ಹೆಸರೂ ಕಾಣುತ್ತದೆ, ಹಚ್ಚಿದರೆ ಅರ್ಧಕ್ಕರ್ಧ ಹಾಡು ಮೂಕ. ಸಂಶಯವಿದ್ದರೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಪ್ರೋಗ್ರಾಮ್‌ನಿಂದ ಪೂರ್ತಿ ತುಂಬಿಸಿ ಪರೀಕ್ಷೆ ಮಾಡಿ.

ಇಯರ್‌ಫೋನ್ ವೈರಿನದ್ದೇ ಇರಲಿ. ಬ್ಲೂಟೂತ್ ಬಡ್ಸ್ ಎಷ್ಟೋ ಒಂದೇ ಹೊತ್ತಿಗೆ ಎರಡು ಕಡೆ ಜೋಡಿಯಾಗುತ್ತವೆ. ಪ್ಲೇಯರ್‌ನಲ್ಲಿ ಯಮನ್ ರಾಗ ನಡೆಯುತ್ತಿರುವಾಗ ಪಕ್ಕದ ಕೋಣೆಯ ಫೋನಿನ ರಿಂಗ್ ಕಿವಿಯೊಳಗೇ ಬಂದು ಬಡಿಯುತ್ತದೆ. ಎಫ್‌ಎಂಗೂ ಆ ವೈರೇ ಆಂಟೆನಾ, ಅದನ್ನು ಹಚ್ಚಿದರೆ ನಿಮ್ಮ ಕಡೆ ಹೊಸಪೇಟೆ ಆಕಾಶವಾಣಿ ಹಿಡಿಯಬಹುದು.

ಒಟ್ಟು ಐದು ಸಾವಿರದಲ್ಲಿ ಪ್ಲೇಯರ್‌ಗೆ ಮೂರೂವರೆಗಿಂತ ಹೆಚ್ಚು ಸುರಿಯಬೇಡಿ, ಉಳಿದದ್ದು ಒಳ್ಳೆಯ ಇಯರ್‌ಫೋನಿಗೆ, ಕಂಪನಿಯ ಕಾರ್ಡಿಗೆ ಇರಲಿ. ಎಕೋ ಮಿನಿಯ ಬೆಲೆ ಮೂರೂವರೆ ದಾಟಿತು ಅಂದರೆ ಸದ್ಯಕ್ಕೆ ಕೀಪ್ಯಾಡ್ ಫೋನ್, ಅದಕ್ಕೊಂದು ಚಲೋ ಇಯರ್‌ಫೋನ್ ತಗೊಂಡು ಶುರು ಮಾಡಿ. ಎಕೋ ಮಿನಿ ಆಮೇಲೆ ಕೂಡಿಟ್ಟು ತಗೊಳ್ಳಬಹುದು, ಕಾರ್ಡು, ಇಯರ್‌ಫೋನು ಅದಕ್ಕೂ ನಡೆಯುತ್ತವೆ. ನಮ್ಮ ಕಡೆಯ ಬೇಸಿಗೆಯಲ್ಲಿ ಪ್ಲೇಯರನ್ನು ಗಾಡಿಯ ಡಿಕ್ಕಿಯಲ್ಲಿ, ಕಾರಿನ ಗಾಜಿನ ಕೆಳಗೆ ಬಿಡಬೇಡಿ, ಲಿಥಿಯಂ ಬ್ಯಾಟರಿ ಉಬ್ಬಿ ಹಿಂದಿನ ಮುಚ್ಚಳ ಎತ್ತಿಬಿಡುತ್ತದೆ. ಕ್ಯಾಸೆಟ್ ನಿಮ್ಮಲ್ಲಿ ಇದ್ದರೆ ಮಾತ್ರ ಪ್ಲೇಯರ್ ಬರುವವರೆಗೆ ಕಾಯಬೇಡಿ, ಇಳಿಸುವುದನ್ನು ಈ ವಾರವೇ ಹಿಡಿಯಿರಿ. ಯಾವ ಟೇಪ್ ರೆಕಾರ್ಡರ್ ಇದೆ ಎಂದು ಕೆಳಗೆ ಬರೆದರೆ ಯಾವ ವೈರ್ ಬೇಕು ಎಂದು ಹೇಳುತ್ತೇನೆ.