ಮೈಮೇಲೆ ಬೀಳುವ ಹುಂಜವನ್ನು ಏನು ಮಾಡುವುದು?

ಪ್ರಶ್ನೆ: ಗಿರಿರಾಜ ಹುಂಜಕ್ಕೂ ನಾಟಿ ಹೇಟೆಗೂ ಹುಟ್ಟಿದ ಹುಂಜ ಮನೆಯಲ್ಲಿದೆ. ಎಂಟು ತಿಂಗಳಾಗಿದೆ. ಅಂಗಳಕ್ಕೆ ಇಳಿದರೆ ಸಾಕು, ಹಾರಿ ಬಂದು ಕಾಲಿಗೆ ಒದೆಯುತ್ತದೆ. ಕೋಲಿನಲ್ಲಿ ಹೊಡೆದಷ್ಟೂ ಜಾಸ್ತಿಯಾಗಿದೆ. ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ. ದಾರಿ ತಿಳಿಸಿ.
– ಓದುಗರು, ಶಿರಸಿ

ಉತ್ತರ: ಮೊದಲು ಮಗಳ ವಿಚಾರ. ಹುಂಜ ಹಾರುವ ಎತ್ತರಕ್ಕೆ ಸರಿಯಾಗಿ ಮಗುವಿನ ಮುಖ, ಕಣ್ಣು ಸಿಗುತ್ತವೆ. ಅದು ಹೊರಗಿರುವಾಗ ಮಗು ಅಂಗಳಕ್ಕೆ ಒಂಟಿಯಾಗಿ ಇಳಿಯಬಾರದು. ಇವತ್ತೇ ಹುಂಜಕ್ಕೆ ಬೇರೆ ಗೂಡು ಮಾಡಿ. ಕನಿಷ್ಠ 4 ಅಡಿ ಉದ್ದ, 3 ಅಡಿ ಅಗಲ ಇರಲಿ. ಜಾಲರಿಯ ಕೆಳಗಿನ ಎರಡು ಅಡಿಗೆ ಗೋಣಿಚೀಲ ಕಟ್ಟಿ. ಓಡಾಡುವವರ ಕಾಲು ಕಾಣದಿದ್ದರೆ ಅರ್ಧ ಸಿಟ್ಟು ಏಳುವುದೇ ಇಲ್ಲ.

ಇನ್ನು ಕೋಲು ಬಿಟ್ಟುಬಿಡಿ. ಐದಾರು ತಿಂಗಳಿಗೆ ಹುಂಜ ಪ್ರಾಯಕ್ಕೆ ಬರುತ್ತದೆ, ಅಲ್ಲಿಂದ ವರ್ಷ ತುಂಬುವವರೆಗೆ ಕೆಚ್ಚು ಜೋರು. ಆಗ ಅದರ ಕಣ್ಣಿಗೆ ನೀವು ಹೇಟೆಗಳ ನಡುವೆ ಬಂದ ಇನ್ನೊಂದು ಹುಂಜ. ಹೊಡೆದರೆ ಜಗಳಕ್ಕೆ ಒಪ್ಪಿಕೊಂಡಂತೆ, ಓಡಿದರೆ ಸೋತಂತೆ. ಎರಡರಿಂದಲೂ ಮರುದಿನ ಇನ್ನಷ್ಟು ಧೈರ್ಯ. ಒಂಟಿ ಮರಿಯಾಗಿ ಮನೆಯೊಳಗೆ ಕೈತುತ್ತು ತಿಂದು ಬೆಳೆದ ಹುಂಜಗಳಲ್ಲಿ ಇದು ಹೆಚ್ಚು, ಮನುಷ್ಯರ ಅಂಜಿಕೆಯೇ ಅವಕ್ಕೆ ಇರುವುದಿಲ್ಲ.

ಮೇಲೆ ಬೀಳುವ ಮುನ್ನ ಹುಂಜ ಸೂಚನೆ ಕೊಡುತ್ತದೆ. ಒಂದು ರೆಕ್ಕೆ ನೆಲಕ್ಕೆ ಇಳಿಬಿಟ್ಟು ಅಡ್ಡಡ್ಡ ಹೆಜ್ಜೆ ಹಾಕುತ್ತದೆ, ಕುತ್ತಿಗೆಯ ಗರಿ ನಿಮಿರುತ್ತದೆ, ಸುಮ್ಮನೆ ನೆಲ ಕುಕ್ಕಿದಂತೆ ನಟಿಸುತ್ತದೆ. ಅದು ಕಂಡ ಕೂಡಲೇ ನಿಂತುಬಿಡಿ, ಬೆನ್ನು ತಿರುಗಿಸಬೇಡಿ. ಹಳೆಯ ಮೊರ ಒಂದನ್ನು ಮೊಣಕಾಲಿನ ಮುಂದೆ ಹಿಡಿದು ಅದರ ಕಡೆಗೇ ಎರಡು ಹೆಜ್ಜೆ ನಿಧಾನವಾಗಿ ಇಡಿ. ಒದೆ ಮೊರಕ್ಕೆ ಬೀಳಲಿ. ಅದು ಪಕ್ಕಕ್ಕೆ ಸರಿದು ದಾರಿ ಬಿಡುವವರೆಗೂ ನೀವು ಜಾಗ ಬಿಡಬೇಡಿ.

ಸಂಜೆ ಕತ್ತಲಾದ ಮೇಲೆ ಗೂಡಿನಿಂದ ಎತ್ತಿಕೊಳ್ಳಿ, ಕತ್ತಲಲ್ಲಿ ಕೋಳಿ ಕೊಸರಾಡುವುದು ಕಡಿಮೆ. ಎರಡೂ ರೆಕ್ಕೆ ಒತ್ತಿ ಕಂಕುಳಲ್ಲಿ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಕಾಲುಗಳನ್ನು ಹಿಡಿಯಿರಿ. ಐದರಿಂದ ಹತ್ತು ನಿಮಿಷ, ಉಸಿರು ನಿಧಾನವಾಗಿ ಮೈ ಸಡಿಲವಾಗುವವರೆಗೆ ಹಾಗೇ ಓಡಾಡಿ, ಆಮೇಲೆ ಮೆಲ್ಲನೆ ನೆಲಕ್ಕೆ ಬಿಡಿ. ಕೊಸರುವಾಗ ಬಿಟ್ಟರೆ ಗೆದ್ದೆ ಎಂದು ಕಲಿಯುತ್ತದೆ. ಕಾಲು ಹಿಡಿದು ತಲೆಕೆಳಗೆ ನೇತು ಹಾಕುವುದು ಬೇಡವೇ ಬೇಡ. ಕೋಳಿಗೆ ನಮ್ಮಂತೆ ಎದೆ-ಹೊಟ್ಟೆಯ ನಡುವಿನ ಪರದೆ (ವಪೆ) ಇಲ್ಲ, ಒಳಗಿನ ಅಂಗಗಳ ಭಾರವೆಲ್ಲ ಗಾಳಿಚೀಲಗಳ ಮೇಲೆ ಬಿದ್ದು ಉಸಿರುಗಟ್ಟುತ್ತದೆ. ಗಿರಿರಾಜ ರಕ್ತದ ದಪ್ಪ ಹುಂಜಕ್ಕಂತೂ ಅಪಾಯ.

ಹೀಗೆ ದಿನವೂ ಮೂರು ವಾರ ಮಾಡಿ. ಕಾಳನ್ನು ಕೈಯಲ್ಲಿ ಕೊಡದೆ ಪಾತ್ರೆಗೆ ಹಾಕಿ. ಬಹಳಷ್ಟು ಹುಂಜಗಳು ತಗ್ಗುತ್ತವೆ. ತಿಂಗಳಾದರೂ ತಗ್ಗದಿದ್ದರೆ ಸಾರಿಗೆ ಹಾಕುವುದೇ ಸರಿ. ಮಗು ಇರುವ ಮನೆಯಲ್ಲಿ ಕಾಯುತ್ತಾ ಕೂರಬಾರದು. ಅದರ ಜೊತೆ ಕೂಡಿದ ಹೇಟೆಗಳ ಮೊಟ್ಟೆಯನ್ನು ಕಾವಿಗೂ ಇಡಬೇಡಿ, ಈ ಗುಣ ಮರಿಗಳಿಗೆ ಇಳಿಯಬಹುದು. ಹುಂಜ ತೆಗೆದ ಮೇಲೂ ಎರಡು ವಾರದಷ್ಟು ಕಾಲ ಹೇಟೆಗಳು ಅದರದೇ ಫಲಿತ ಮೊಟ್ಟೆ ಇಡಬಲ್ಲವು. ಹೊಸ ಹುಂಜ ಬಿಟ್ಟು ಮೂರು ವಾರ ಕಳೆದ ಮೇಲೆ ಮೊಟ್ಟೆ ಕೂಡಿಡಿ.

ಪ್ರಶ್ನೆ: ಆರು ನಾಟಿ ಹೇಟೆ, ಮೂರು ಮಿಶ್ರತಳಿ ಹುಂಜ. ಹೇಟೆಗಳ ಬೆನ್ನಿನ ಪುಕ್ಕವೆಲ್ಲ ಉದುರಿದೆ, ಒಂದಕ್ಕೆ ಗಾಯವೂ ಆಗಿದೆ. ರೋಗವೇ?
– ಓದುಗರು, ಮಾಗಡಿ

ಉತ್ತರ: ಬೆನ್ನು ಮಾತ್ರ ಬೋಳಾಗಿದ್ದರೆ ಅದು ಹುಂಜಗಳ ಕಾಟ. ಎಂಟು-ಹತ್ತು ಹೇಟೆಗೆ ಒಂದು ಹುಂಜ ಸಾಕು. ನಿಮ್ಮಲ್ಲಿ ಎರಡು ಹೇಟೆಗೆ ಒಂದು ಇದೆ. ಮೂರು ಕಿಲೋ ದಾಟಿದ ಹುಂಜ ಒಂದೂಕಾಲು ಕಿಲೋ ಹೇಟೆಯ ಮೇಲೆ ಹತ್ತಿದರೆ ಚರ್ಮ ಹರಿಯದೆ ಇರುತ್ತದೆಯೇ? ಅತಿ ಹಗುರ, ಸೌಮ್ಯ ಹುಂಜ ಒಂದನ್ನು ಇಟ್ಟುಕೊಂಡು ಉಳಿದೆರಡನ್ನು ತೆಗೆಯಿರಿ.

ಗಾಯವಾದ ಹೇಟೆಯನ್ನು ಕೂಡಲೇ ಬೇರೆ ಇಡಿ. ರಕ್ತ ಕಂಡರೆ ಉಳಿದ ಹೇಟೆಗಳೇ ಕುಕ್ಕಿ ಕೊಲ್ಲಲೂಬಹುದು. ಉಪ್ಪುನೀರಲ್ಲಿ ತೊಳೆದು, ಅರಿಶಿನವನ್ನು ಬೇವಿನೆಣ್ಣೆಯಲ್ಲಿ ಕಲಸಿ ಹಚ್ಚಿ. ವಾಸನೆಗೆ ನೊಣವೂ ಕೂರುವುದಿಲ್ಲ.

ಉಳಿಸಿಕೊಂಡ ಹುಂಜದ ಕಾಲಿನ ಹಿಂದಿನ ಮುಳ್ಳಿನ ತುದಿಯನ್ನು ಮಾತ್ರ ತೆಗೆಯಿರಿ. ಮುಳ್ಳಿನ ಒಳಗೆ ಎಲುಬೂ ರಕ್ತನಾಳವೂ ಇವೆ, ಮುಳ್ಳಿನ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಿದರೆ ರಕ್ತ ಸುರಿಯುತ್ತದೆ. ಅರದಿಂದ ಉಜ್ಜಿ ಮೊಂಡು ಮಾಡುವುದು ಇನ್ನೂ ಸುರಕ್ಷಿತ. ರಕ್ತ ಬಂದರೆ ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ಪಿಷ್ಟ) ಒತ್ತಿ ಹಿಡಿಯಿರಿ.

ಪ್ರಶ್ನೆ: ಗಿರಿರಾಜ ಮಿಶ್ರತಳಿಯ ಮೊಟ್ಟೆಯನ್ನೇ ಕಾವಿಗಿಟ್ಟರೆ ಮರಿಗಳು ಅಷ್ಟೇ ದಪ್ಪ ಬರುತ್ತವೆಯೇ?
– ಓದುಗರು, ಹೊಸದುರ್ಗ

ಉತ್ತರ: ಬರುವುದಿಲ್ಲ. ಗಿರಿರಾಜ 1989ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ ಬಿಡುಗಡೆಯಾದ ಸಂಕರ ತಳಿ. ಮುಂದಿನ ಪೀಳಿಗೆಯಲ್ಲಿ ಬಣ್ಣ, ತೂಕ, ಮೊಟ್ಟೆ ಎಲ್ಲವೂ ಚೆದುರುತ್ತವೆ. ಒಂದೇ ಕಾವಿನಲ್ಲಿ ಒಂದು ಮರಿ ಅಪ್ಪನಂತೆ, ಇನ್ನೊಂದು ಅಜ್ಜಿಯಂತೆ. ಗಿರಿರಾಜ ಹೇಟೆ ಕಾವು ಕೂರುವುದೂ ಅಪರೂಪ. ಹಾಗಾಗಿ ಒಂದೆರಡು ಅಪ್ಪಟ ನಾಟಿ ಹೇಟೆಗಳನ್ನು ಕಾವಿಗೆಂದೇ ಉಳಿಸಿಕೊಳ್ಳಿ. ಒಂದರ ಹೊಟ್ಟೆಯಡಿ 10–12 ಮೊಟ್ಟೆ, 21 ದಿನ. ಹುಂಜವನ್ನು ವರ್ಷಕ್ಕೊಮ್ಮೆ ಹೊರಗಿನಿಂದ ತಂದು ಬದಲಿಸಿ. ಇಲ್ಲವಾದರೆ ತಂದೆ-ಮಗಳು ಕೂಡಿ ಮರಿ ಸೊರಗುತ್ತವೆ.

ಪ್ರಶ್ನೆ: ಹುಂಜದ ಮುಳ್ಳು ಪಾದಕ್ಕೆ ಆಳವಾಗಿ ಚುಚ್ಚಿತು. ನಾಯಿ ಕಚ್ಚಿದಾಗ ಹಾಕುವ ಇಂಜೆಕ್ಷನ್ ಬೇಕೇ?
– ಓದುಗರು, ಕೊಪ್ಪ

ಉತ್ತರ: ಕೋಳಿಯಿಂದ ರೇಬೀಸ್ ಬರುವುದಿಲ್ಲ, ಧನುರ್ವಾಯು ಬರಬಹುದು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಧನುರ್ವಾಯು ತಡೆಯುವ ಇಂಜೆಕ್ಷನ್ ಬೇಕೇ ಎಂದು ಕೇಳಿ. ಕೀಲಿನ ಹತ್ತಿರ ಚುಚ್ಚಿದ್ದರೆ ಅಥವಾ ಕೆಂಪಗೆ ಊದಿದರೆ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ.

ಪ್ರಶ್ನೆ: ಅಸೀಲ್ (ಕಾದಾಟಕ್ಕೆ ಹೆಸರಾದ ತಳಿ) ರಕ್ತದ ಹುಂಜವನ್ನು ಕೋಳಿ ಅಂಕಕ್ಕೆ ಒಳ್ಳೆ ಬೆಲೆಗೆ ಕೇಳುತ್ತಿದ್ದಾರೆ. ಕೊಡಬಹುದೇ?
– ಓದುಗರು, ಬೆಳ್ತಂಗಡಿ

ಉತ್ತರ: ಕೊಡಬೇಡಿ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮನೆಯಲ್ಲೇ ಸಾಕುವುದಾದರೆ ಅಸೀಲ್ ಗಂಡು ಮರಿಗಳನ್ನು ಮೂರು-ನಾಲ್ಕು ತಿಂಗಳಿಗೇ ಒಂದೊಂದಾಗಿ ಬೇರ್ಪಡಿಸಿ, ನಡುವೆ ತಟ್ಟಿ ಕಟ್ಟಿ ಒಂದಕ್ಕೊಂದು ಕಾಣದಂತೆ ಇಡಿ. ಜಾಲರಿಯ ಮೂಲಕವೂ ಅವು ತಲೆ ಒಡೆದುಕೊಳ್ಳುತ್ತವೆ.